ಹಸಿವಿಲ್ಲದ ಕಳ್ಳತನ

ಸುಮಾರು 1,650 ವರ್ಷಗಳ ಹಿಂದಿನ ಮಾತು. ಉತ್ತರ ಆಫ್ರಿಕದಲ್ಲಿ ತಗಾಸ್ತೆ ಎಂಬ ಸಣ್ಣ ಊರು. ಇಂದಿನ ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ಇರುವ ಜಾಗವೇ ಅದು. ಆಗ ಆ ಸೀಮೆಯೆಲ್ಲ ರೋಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ರಾತ್ರಿ ಬಹಳ ಹೊತ್ತಾಗಿದೆ. ಬೀದಿಯಲ್ಲಿ ಆಡಿ ಆಡಿ ದಣಿದ ಹುಡುಗರ ಗುಂಪೊಂದು ಮನೆಗೆ ಹೋಗುವ ಬದಲು ಊರಿನ ತೋಟದ ಕಡೆ ತಿರುಗಿತು. ಅಲ್ಲೊಂದು ಪೇರ್ ಮರ. ಕೆಲವರು ಮರಸೇಬು ಎನ್ನುತ್ತಾರಲ್ಲ, ಅದೇ ಹಣ್ಣು. ಹುಡುಗರು ಮರವನ್ನು ಅಲುಗಾಡಿಸಿ, ಹೊರುವಷ್ಟು ಹಣ್ಣು ಹೊತ್ತುಕೊಂಡು ಓಡಿದರು.

ಮನೆಗೆ ಕೊಂಡೊಯ್ದರೆ? ಇಲ್ಲ. ಹೊಟ್ಟೆ ತುಂಬ ತಿಂದರೆ? ಅದೂ ಇಲ್ಲ. ಒಂದೆರಡು ಕಚ್ಚಿ ನೋಡಿದ್ದರೆ ನೋಡಿರಬಹುದು. ಉಳಿದದ್ದನ್ನೆಲ್ಲ ಹಂದಿಗಳಿಗೆ ಎಸೆದುಬಿಟ್ಟರು. ಆ ಹಣ್ಣಿಗೆ ಒಳ್ಳೆಯ ಬಣ್ಣವೂ ಇರಲಿಲ್ಲ, ರುಚಿಯೂ ಇರಲಿಲ್ಲ. ಆ ಗುಂಪಿನಲ್ಲಿದ್ದ ಹದಿನಾರು ವರ್ಷದ ಒಬ್ಬ ಹುಡುಗನ ಬಳಿಯಂತೂ ಅದಕ್ಕಿಂತ ಒಳ್ಳೆಯ ಹಣ್ಣು ಬೇಕಾದಷ್ಟಿತ್ತು.

ಊರಿನವರು ಈ ಕಳ್ಳತನವನ್ನು ಎಂದೋ ಮರೆತಿರಬೇಕು. ಆ ಹುಡುಗ ಮಾತ್ರ ಮರೆಯಲಿಲ್ಲ. ಮುಂದೆ ಆತ ದೊಡ್ಡ ವಿದ್ವಾಂಸನಾದ, ಬಿಷಪ್ ಆದ, ಕ್ರೈಸ್ತ ಧರ್ಮದ ಚಿಂತನೆಯ ದಿಕ್ಕನ್ನೇ ರೂಪಿಸಿದ. ಆತನೇ ಸಂತ ಅಗಸ್ಟೀನ್. 397ರ ಸುಮಾರಿಗೆ ‘ಕನ್‌ಫೆಶನ್ಸ್’, ಅಂದರೆ ‘ನಿವೇದನೆಗಳು’, ಎಂಬ ತಮ್ಮ ಆತ್ಮಕಥನವನ್ನು ಬರೆಯತೊಡಗಿದಾಗ ಅವರಿಗೆ ನಲವತ್ತು ದಾಟಿತ್ತು. ಹದಿಮೂರು ಭಾಗಗಳ ಆ ಪುಸ್ತಕದ ಎರಡನೆಯ ಭಾಗದಲ್ಲಿ ಹೆಚ್ಚಿನ ಪುಟಗಳು ಈ ಪೇರ್ ಹಣ್ಣಿನ ವಿಚಾರಕ್ಕೇ ಮೀಸಲು.

ಇದನ್ನು ಓದಿ ನಕ್ಕವರೂ ಉಂಟು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆಲಿವರ್ ವೆಂಡೆಲ್ ಹೋಮ್ಸ್, ಹದಿಹರೆಯದ ಇಷ್ಟು ಸಣ್ಣ ತುಂಟತನವನ್ನು ಬೆಟ್ಟದಷ್ಟು ಮಾಡಿಕೊಂಡರಲ್ಲ ಎಂದು ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಅಚ್ಚರಿಪಟ್ಟಿದ್ದರು. ಜೀವಮಾನವೆಲ್ಲ ತೀರ್ಪು ಬರೆದ ನ್ಯಾಯಾಧೀಶರ ಲೆಕ್ಕದಲ್ಲಿ ನಷ್ಟವಾದದ್ದು ಒಂದು ಮರದ ಹಣ್ಣು, ಅಷ್ಟೆ. ಆದರೆ ಅಗಸ್ಟೀನ್ ಹಾಕುತ್ತಿದ್ದ ಲೆಕ್ಕ ಬೇರೆ. ಎಷ್ಟು ಕದ್ದೆ ಎನ್ನುವುದು ಅವರ ಪ್ರಶ್ನೆಯಲ್ಲ. ಏಕೆ ಕದ್ದೆ ಎನ್ನುವುದು ಅವರ ಪ್ರಶ್ನೆ.

ಹಸಿದವನು ಕದ್ದರೆ ಹಸಿವು ಕಾರಣ. ಆಸೆಬುರುಕ ಕದ್ದರೆ ಆಸೆ ಕಾರಣ. ರೋಮಿನ ಕುಖ್ಯಾತ ಪಿತೂರಿಗಾರ ಕ್ಯಾಟಿಲೈನನಂಥವನಿಗೂ ಅಧಿಕಾರ, ಹಣ ಎಂಬ ಕಾರಣಗಳಿದ್ದವು ಎಂದು ಅಗಸ್ಟೀನ್ ವಾದಿಸುತ್ತಾರೆ. ತಮಗೆ ಅದಾವುದೂ ಇರಲಿಲ್ಲ. ತಪ್ಪೆಂದು ಚೆನ್ನಾಗಿ ಗೊತ್ತಿತ್ತು. ತಪ್ಪು ಎಂಬ ಕಾರಣಕ್ಕೇ ಅದು ರುಚಿಸಿತ್ತು! ಒಬ್ಬನೇ ಇದ್ದಿದ್ದರೆ ಖಂಡಿತ ಮಾಡುತ್ತಿರಲಿಲ್ಲ ಎಂದೂ ಅವರು ಒಪ್ಪಿಕೊಳ್ಳುತ್ತಾರೆ. ಗೆಳೆಯರೆಲ್ಲ ‘ನಡಿ’ ಎಂದಾಗ ಹಿಂಜರಿಯುವುದಕ್ಕೆ ನಾಚಿಕೆ. ನಾಚಿಕೆಗೆಟ್ಟವನಾಗದೆ ಇರುವುದಕ್ಕೇ ನಾಚಿಕೆಪಟ್ಟುಕೊಳ್ಳುವ ವಿಚಿತ್ರ ವಯಸ್ಸು ಅದು. ಹಾಸ್ಟೆಲಿನ ಕೋಣೆಗಳಲ್ಲಿ, ಶಾಲೆಯ ಹಿಂದಿನ ಬೆಂಚಿನಲ್ಲಿ ಇಂದಿಗೂ ಈ ನಾಚಿಕೆ ಬದಲಾಗಿಲ್ಲ.

ಅಪ್ಪ ಅಮ್ಮನಿಗೆ ಕಂಡದ್ದು, ಕಾಣದ್ದು

ಆ ವರ್ಷ ಅಗಸ್ಟೀನ್ ಶಾಲೆಗೆ ಹೋಗುತ್ತಿರಲಿಲ್ಲ. ಸಮೀಪದ ಮದೌರಾ ಪಟ್ಟಣದಲ್ಲಿ ಓದುತ್ತಿದ್ದ ಹುಡುಗನನ್ನು ಊರಿಗೆ ಕರೆಸಿಕೊಳ್ಳಲಾಗಿತ್ತು. ಮುಂದಿನ ಓದಿಗೆ ದೊಡ್ಡ ನಗರವಾದ ಕಾರ್ಥೇಜಿಗೆ ಕಳಿಸಬೇಕು. ಅದಕ್ಕೆ ಹಣ ಹೊಂದಿಸಬೇಕು. ತಂದೆ ಪ್ಯಾಟ್ರೀಷಿಯಸ್ ಸಿರಿವಂತನಲ್ಲ. ಆದರೂ ಶಕ್ತಿಮೀರಿ ಮಗನ ಓದಿಗೆ ಖರ್ಚು ಮಾಡುತ್ತಿದ್ದಾನೆಂದು ಊರಿನವರು ಹೊಗಳುತ್ತಿದ್ದರು. ಅವನಿಗಿಂತ ಎಷ್ಟೋ ಅನುಕೂಲವಿದ್ದವರು ತಮ್ಮ ಮಕ್ಕಳಿಗೆ ಅಷ್ಟು ಮಾಡುತ್ತಿರಲಿಲ್ಲ.

ಈ ಹೊಗಳಿಕೆಯನ್ನು ಬರೆದ ಕೈಯೇ ಒಂದು ನೋವಿನ ಮಾತನ್ನೂ ಬರೆದಿದೆ. ಮಗ ಚೆನ್ನಾಗಿ ಮಾತಾಡಬೇಕು, ಭಾಷಣಕಲೆಯಲ್ಲಿ ಹೆಸರು ಮಾಡಬೇಕು ಎಂಬ ಚಿಂತೆ ತಂದೆಗಿತ್ತು. ಮಗ ಒಳಗೆ ಎಂಥವನಾಗುತ್ತಿದ್ದಾನೆ ಎಂಬ ಚಿಂತೆ ಇರಲಿಲ್ಲ. ತಾಯಿ ಮೋನಿಕಾ ಭಕ್ತೆ. ಆಕೆ ಗುಟ್ಟಾಗಿ ಕರೆದು ಬುದ್ಧಿ ಹೇಳಿದರು. ಹೆಂಗಸರ ಬುದ್ಧಿಮಾತು ಎಂದು ಮಗ ತಳ್ಳಿಹಾಕಿದ. ಓದಿಗೆ ಅಡ್ಡಿಯಾದೀತೆಂದು ತಾಯಿಯೂ ಅದಕ್ಕಿಂತ ಹೆಚ್ಚು ಒತ್ತಾಯ ಮಾಡಲಿಲ್ಲ.

ಇನ್ನೊಂದು ಘಟನೆ ಇದಕ್ಕೂ ಹಿಂದಿನದು. ಅಗಸ್ಟೀನ್ ಚಿಕ್ಕವನಾಗಿದ್ದಾಗ ಹೊಟ್ಟೆನೋವು ಬಂದು ಸಾಯುವ ಸ್ಥಿತಿಯಾಯಿತು. ದೀಕ್ಷಾಸ್ನಾನ ಕೊಡಿಸಿ ಎಂದು ಹುಡುಗನೇ ಬೇಡಿಕೊಂಡ. ಸಿದ್ಧತೆ ನಡೆಯುತ್ತಿರುವಷ್ಟರಲ್ಲಿ ಕಾಯಿಲೆ ಇಳಿಯಿತು. ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕಿದರು. ದೀಕ್ಷಾಸ್ನಾನದಿಂದ ಹಿಂದಿನ ಪಾಪವೆಲ್ಲ ತೊಳೆದುಹೋಗುತ್ತದೆ, ಆಮೇಲೆ ಮಾಡಿದ ಪಾಪದ ಭಾರ ಇನ್ನೂ ಹೆಚ್ಚು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಹರೆಯದ ಹುಚ್ಚಾಟಗಳೆಲ್ಲ ಮುಗಿಯಲಿ, ಆಮೇಲೆ ತೊಳೆದರಾಯಿತು ಎಂಬ ಲೆಕ್ಕಾಚಾರ! ಆ ಕಾಲದಲ್ಲಿ ಹೀಗೆ ತಡಮಾಡುವವರು ಬಹಳ ಮಂದಿ. ಚಕ್ರವರ್ತಿ ಕಾನ್‌ಸ್ಟಂಟೀನ್ ಕೂಡ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ.

ಆದ್ದರಿಂದ ಆ ಹುಡುಗ ತಪ್ಪು ಮಾಡಿದಾಗೆಲ್ಲ, ಇನ್ನೂ ದೀಕ್ಷೆ ಆಗಿಲ್ಲವಲ್ಲ, ಹೋಗಲಿ ಬಿಡಿ ಎನ್ನುವವರಿದ್ದರು. ಇದನ್ನು ನೆನೆದು ಅಗಸ್ಟೀನ್ ಕೇಳುವ ಪ್ರಶ್ನೆ ಸರಳವಾದದ್ದು. ಗಾಯವಾದ ಮಗುವನ್ನು ನೋಡಿ, ಇನ್ನೂ ವಾಸಿಯಾಗಿಲ್ಲವಲ್ಲ, ಇನ್ನಷ್ಟು ಗಾಯವಾಗಲಿ ಬಿಡಿ ಎಂದು ಯಾರಾದರೂ ಹೇಳುತ್ತಾರೆಯೇ? ದೇಹದ ವಿಷಯದಲ್ಲಿ ಆಡದ ಮಾತನ್ನು ಮನಸ್ಸಿನ ವಿಷಯದಲ್ಲಿ ಏಕೆ ಆಡುತ್ತೇವೆ?

ತಿಳಿಯದ ತಪ್ಪು, ತಿಳಿದೂ ಮಾಡಿದ ತಪ್ಪು

ತಿಳಿಯದೆ ಆದ ತಪ್ಪಿಗೂ ತಿಳಿದೂ ತಿಳಿದೂ ಮಾಡಿದ ತಪ್ಪಿಗೂ ಇರುವ ವ್ಯತ್ಯಾಸವನ್ನು ಬೈಬಲ್ ಬಹಳ ಹಿಂದೆಯೇ ಗುರುತಿಸಿದೆ. ಹಳೆಯ ಒಡಂಬಡಿಕೆಯ ಅರಣ್ಯಕಾಂಡದ 15ನೇ ಅಧ್ಯಾಯದಲ್ಲಿ, ಅರಿಯದೆ ಪಾಪ ಮಾಡಿದವನು ಒಂದು ವರ್ಷದ ಹೆಣ್ಣಾಡನ್ನು ಅರ್ಪಿಸಿದರೆ ಕ್ಷಮೆ ಉಂಟು. ಆದರೆ ‘ಕೈಯೆತ್ತಿ’ ಪಾಪ ಮಾಡುವವನಿಗೆ, ಅಂದರೆ ದೇವರಿಗೇ ಸವಾಲು ಹಾಕುವಂತೆ ಬೇಕೆಂದೇ ಮಾಡುವವನಿಗೆ, ಈ ಅರ್ಪಣೆಯ ದಾರಿ ಇಲ್ಲ. ಅವನನ್ನು ಜನರ ನಡುವಿನಿಂದ ತೆಗೆದುಹಾಕಬೇಕು.

ಹೊಸ ಒಡಂಬಡಿಕೆಯ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮತಿಯೊಂದಿದೆ. ಯಜಮಾನನ ಇಷ್ಟ ಗೊತ್ತಿದ್ದೂ ಮಾಡದ ಆಳಿಗೆ ಹೆಚ್ಚು ಪೆಟ್ಟು, ಗೊತ್ತಿಲ್ಲದೆ ತಪ್ಪಿದವನಿಗೆ ಕಡಿಮೆ ಪೆಟ್ಟು. ತಿಳಿವಳಿಕೆ ಹೆಚ್ಚಿದಷ್ಟೂ ಹೊಣೆ ಹೆಚ್ಚು ಎನ್ನುವುದು ಅದರ ತಾತ್ಪರ್ಯ. ಓದು ಬರಹ ಬಲ್ಲವರು, ಮಕ್ಕಳನ್ನು ಓದಿಸುತ್ತಿರುವವರು ತುಸು ನಿಂತು ಯೋಚಿಸಬೇಕಾದ ಮಾತಿದು. ಶಿಕ್ಷಣವೆಂದರೆ ಹೆಚ್ಚುವರಿ ಅಂಕವಷ್ಟೇ ಅಲ್ಲ, ಹೆಚ್ಚುವರಿ ಹೊಣೆಯೂ ಹೌದು.

ಕ್ಯಾಥೊಲಿಕ್ ಸಭೆ ಮುಂದೆ ಇದನ್ನೇ ಅಚ್ಚುಕಟ್ಟಾಗಿ ವಿಂಗಡಿಸಿತು. ಆತ್ಮಕ್ಕೆ ಮಾರಕವಾದ ಪಾಪ ಎನಿಸಿಕೊಳ್ಳಲು ಮೂರು ಸಂಗತಿಗಳು ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂಬ ಪೂರ್ಣ ತಿಳಿವಳಿಕೆ ಇರಬೇಕು, ಮನಸ್ಸು ಬೇಕೆಂದೇ ಒಪ್ಪಿರಬೇಕು. 1992ರಲ್ಲಿ ಪ್ರಕಟವಾದ ಅದರ ಧರ್ಮೋಪದೇಶ ಗ್ರಂಥದಲ್ಲೂ ಇದೇ ಮೂರು ನಿಯಮಗಳಿವೆ. ಪೇರ್ ಹಣ್ಣಿನ ಪ್ರಸಂಗದಲ್ಲಿ ವಿಷಯ ಸಣ್ಣದೇ ಇರಬಹುದು. ತಿಳಿವಳಿಕೆ ಮತ್ತು ಒಪ್ಪಿಗೆ ಮಾತ್ರ ಪೂರ್ತಿಯಾಗಿದ್ದವು. ಅಗಸ್ಟೀನರನ್ನು ಬೆಚ್ಚಿಸಿದ್ದು ಅದೇ.

ಎಲ್ಲಕ್ಕಿಂತ ಕಠಿಣವಾದ ಮಾತಿರುವುದು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ. ಸತ್ಯ ಇದೇ ಎಂದು ಅರಿತ ಮೇಲೂ ಬೇಕೆಂದೇ ಪಾಪ ಮಾಡುತ್ತ ಹೋದರೆ ಪರಿಹಾರಕ್ಕೆ ಬೇರೊಂದು ಬಲಿ ಉಳಿದಿಲ್ಲ, ಉಳಿಯುವುದು ತೀರ್ಪಿನ ಭಯ ಮಾತ್ರ ಎನ್ನುತ್ತದೆ ಅದು. ಇಂಥ ವಾಕ್ಯಗಳನ್ನು ಓದಿ ನಿದ್ದೆಗೆಟ್ಟವರು ಎಷ್ಟೋ ಮಂದಿ. ಇಂಗ್ಲೆಂಡಿನ ಜಾನ್ ಬನಿಯನ್, ತನಗಿನ್ನು ಕ್ಷಮೆಯೇ ಇಲ್ಲವೆಂದು ದೀರ್ಘಕಾಲ ನರಳಿದ ಬಗೆಯನ್ನು 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಹಾಗಾದರೆ ತಿಳಿದೂ ತಪ್ಪಿದವನಿಗೆ ಬಾಗಿಲು ಮುಚ್ಚಿಯೇ ಹೋಯಿತೇ?

ಕಾರ್ಥೇಜಿನ ಪ್ರಶ್ನೆ

ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾದ ಪ್ರಸಂಗವೊಂದು ಅಗಸ್ಟೀನ್ ಹುಟ್ಟುವ ನೂರು ವರ್ಷ ಮೊದಲು ಅದೇ ಆಫ್ರಿಕದಲ್ಲಿ ಬಂದಿತ್ತು. 250ರ ಸುಮಾರಿಗೆ ಚಕ್ರವರ್ತಿ ಡೇಸಿಯಸ್ ಒಂದು ಆಜ್ಞೆ ಹೊರಡಿಸಿದ. ಸಾಮ್ರಾಜ್ಯದ ಪ್ರಜೆಗಳು ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳಿಂದ ಸರ್ಟಿಫಿಕೇಟು ಪಡೆಯಬೇಕು. ಅಂಥ ಸರ್ಟಿಫಿಕೇಟುಗಳು ಈಜಿಪ್ಟಿನ ಮರಳಿನಲ್ಲಿ ಇಂದಿಗೂ ಸಿಕ್ಕಿವೆ. ಒಪ್ಪದ ಕ್ರೈಸ್ತರಲ್ಲಿ ಕೆಲವರು ಸೆರೆಮನೆ ಸೇರಿದರು, ಕೆಲವರು ಪ್ರಾಣವನ್ನೇ ತೆತ್ತರು. ಆದರೆ ಬಹಳ ಮಂದಿ ಹೆದರಿ ಬಲಿ ಕೊಟ್ಟರು. ಇನ್ನು ಕೆಲವು ಜಾಣರು ಬಲಿಯನ್ನೂ ಕೊಡದೆ, ಅಧಿಕಾರಿಗಳಿಗೆ ಲಂಚ ಕೊಟ್ಟು ಸರ್ಟಿಫಿಕೇಟು ಮಾತ್ರ ತಂದರು!

ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ತಿರುಗಿ ಸಭೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಕುಳಿತವರಲ್ಲಿ ಮಗನನ್ನು ಕಳೆದುಕೊಂಡವರು, ಚಿತ್ರಹಿಂಸೆ ಉಂಡವರು ಇದ್ದರು. ಹೊರಗೆ ನಿಂತವರು ತಿಳಿದೂ ತಿಳಿದೂ ಕೈಬಿಟ್ಟವರು. ಏನು ಮಾಡಬೇಕು? ರೋಮಿನ ನೊವೇಷಿಯನ್ ಎಂಬ ಧರ್ಮಗುರು, ಇವರನ್ನು ಸಭೆಗೆ ಮತ್ತೆ ಸೇರಿಸಲೇಬಾರದು ಎಂದ. ಏನೂ ಆಗಲಿಲ್ಲವೆಂಬಂತೆ ಕೂಡಲೇ ಸೇರಿಸಿಕೊಳ್ಳಿ ಎನ್ನುವವರೂ ಇದ್ದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಬಿಷಪ್‌ಗಳ ಸಭೆ ಸೇರಿಸಿ, ಒಬ್ಬೊಬ್ಬರ ವಿಚಾರವನ್ನೂ ಬೇರೆ ಬೇರೆಯಾಗಿ ನೋಡುವ ದಾರಿ ಹಿಡಿದರು. ಸರ್ಟಿಫಿಕೇಟು ಮಾತ್ರ ಕೊಂಡವರಿಗೆ ಒಂದು ಕ್ರಮ, ನಿಜವಾಗಿ ಬಲಿ ಕೊಟ್ಟವರಿಗೆ ಇನ್ನೂ ದೀರ್ಘವಾದ ಪ್ರಾಯಶ್ಚಿತ್ತ. ಬಾಗಿಲು ಮುಚ್ಚಲಿಲ್ಲ, ಹಾಗೆಂದು ಹಾರು ಹೊಡೆದು ತೆರೆದೂ ಇಡಲಿಲ್ಲ. ಮುಂದೆ 258ರಲ್ಲಿ ಇನ್ನೊಂದು ಹಿಂಸೆಯ ಕಾಲದಲ್ಲಿ ಸಿಪ್ರಿಯನ್ ಸ್ವತಃ ತಲೆ ಕೊಟ್ಟರು.

ಕ್ರೈಸ್ತ ಸಭೆಯ ಬಹುಭಾಗ ಹಿಡಿದದ್ದು ಈ ನಡುದಾರಿಯನ್ನೇ. ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರನೇ ಬಿಕ್ಕಿಬಿಕ್ಕಿ ಅತ್ತು, ಆಮೇಲೆ ಸಭೆಯ ಮುಖಂಡನಾದದ್ದು ಅವರ ಕಣ್ಣೆದುರಿಗಿತ್ತು. ಇಬ್ರಿಯರ ಪತ್ರಿಕೆಯ ಎಚ್ಚರಿಕೆಯನ್ನೂ ಹೆಚ್ಚಿನ ವ್ಯಾಖ್ಯಾನಕಾರರು ಹೀಗೆಯೇ ಅರ್ಥಮಾಡುತ್ತಾರೆ: ಅದು ಎಡವಿ ಬಿದ್ದು ಏಳಲು ಬಯಸುವವನನ್ನು ಕುರಿತದ್ದಲ್ಲ, ಮದ್ದು ಇದೇ ಎಂದು ತಿಳಿದೂ ಅದನ್ನು ತುಳಿದು ಹೋಗುವವನನ್ನು ಕುರಿತದ್ದು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಸರಳ ಲೋಲಕದ ಪ್ರಯೋಗವನ್ನೇ ನೋಡಿ. ಒಬ್ಬ ಹುಡುಗಿ ಇಪ್ಪತ್ತು ಆಂದೋಲನ ಎಣಿಸುವ ಬದಲು ಹತ್ತೊಂಬತ್ತು ಎಣಿಸಿದಳು. ಉತ್ತರ 9.8ರ ಬದಲು 8.8ರ ಆಸುಪಾಸಿಗೆ ಬಂತು. ಅವಳ ರೆಕಾರ್ಡಿನಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಮತ್ತೆ ಎಣಿಸಿದರೆ ಸರಿಹೋಗುತ್ತದೆ. ಪಕ್ಕದ ಹುಡುಗ ಲೋಲಕವನ್ನು ಮುಟ್ಟಲೇ ಇಲ್ಲ. 9.8 ಬರಬೇಕೆಂದು ಗೊತ್ತಿತ್ತು. ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಬರೆದ. ಅವನ ರೆಕಾರ್ಡಿನಲ್ಲಿ ತಪ್ಪೇ ಇಲ್ಲ! ತಪ್ಪೇ ಕಾಣದ ಮೇಲೆ ತಿದ್ದುವುದೇನನ್ನು? ಅವನಿಗಿರುವ ದಾರಿ ಒಂದೇ: ಸಾರ್, ಇದು ಸುಳ್ಳು ರೀಡಿಂಗ್ ಎಂದು ತಾನೇ ಒಪ್ಪಿಕೊಳ್ಳುವುದು. ಅಷ್ಟು ಹೇಳಿದ ಕ್ಷಣ ಲೋಲಕ ಮತ್ತೆ ಅವನ ಕೈಗೆ ಬರುತ್ತದೆ. ಹೇಳದಿದ್ದರೆ ಬಾಗಿಲು ಮುಚ್ಚಿದವರು ಮೇಷ್ಟರಲ್ಲ, ಅವನೇ.

ತೀರ್ಪು ಎಂದರೆ

ದೇವರ ತೀರ್ಪು ಎಂದಾಕ್ಷಣ ಬೆಂಕಿ, ಕೊಪ್ಪರಿಗೆ, ತಕ್ಕಡಿ ನೆನಪಾಗುತ್ತವೆ. ಅಗಸ್ಟೀನ್ ಕೊನೆಯ ದಿನದ ತೀರ್ಪನ್ನು ದೃಢವಾಗಿ ನಂಬಿದ್ದರು. 410ರಲ್ಲಿ ರೋಮ್ ನಗರ ಗಾಥರ ಕೈಗೆ ಸಿಕ್ಕಿ ಲೂಟಿಯಾದಾಗ, ಇದು ಯಾರ ಪಾಪಕ್ಕೆ ಯಾರು ಕೊಟ್ಟ ಶಿಕ್ಷೆ ಎಂಬ ಜಗಳ ಎದ್ದಿತು. ಅದಕ್ಕೆ ಉತ್ತರವಾಗಿ ಅವರು 413ರಿಂದ 426ರವರೆಗೆ ‘ದೇವರ ನಗರ’ ಎಂಬ ಇಪ್ಪತ್ತೆರಡು ಭಾಗಗಳ ಗ್ರಂಥ ಬರೆದರು. ಅದರ ಇಪ್ಪತ್ತನೆಯ ಭಾಗ ಪೂರ್ತಿ ಅಂತಿಮ ತೀರ್ಪನ್ನು ಕುರಿತದ್ದು.

ಆ ಗ್ರಂಥದಲ್ಲಿ ಅವರು ಅವಸರದ ತೀರ್ಪುಗಾರರನ್ನು ತಡೆಯುತ್ತಾರೆ. ಈ ಲೋಕದಲ್ಲಿ ಕಷ್ಟ ಬಂದವನೆಲ್ಲ ಪಾಪಿ, ಸುಖವಾಗಿರುವವನೆಲ್ಲ ಪುಣ್ಯವಂತ ಎಂದು ಹೇಳಲಾಗದು. ಒಳ್ಳೆಯವರೂ ಕೆಟ್ಟವರೂ ಒಂದೇ ಕಷ್ಟವನ್ನು ಉಣ್ಣುತ್ತಾರೆ. ಒಂದೇ ಬೆಂಕಿಯಲ್ಲಿ ಚಿನ್ನ ಹೊಳೆಯುತ್ತದೆ, ಹೊಟ್ಟು ಹೊಗೆಯಾಡುತ್ತದೆ ಎಂಬುದು ಅವರು ಕೊಡುವ ಹೋಲಿಕೆ. ಪಕ್ಕದ ಮನೆಯವರ ಕಾಯಿಲೆಗೆ, ಅಪಘಾತಕ್ಕೆ ಅವರ ಪಾಪವೇ ಕಾರಣ ಎಂದು ಮಕ್ಕಳ ಮುಂದೆ ಹೇಳುವ ಹಿರಿಯರು ಇದನ್ನು ಗಮನಿಸಬೇಕು.

ಇನ್ನೊಂದು ಬಗೆಯ ತೀರ್ಪು ಮಾತ್ರ ಕೊನೆಯ ದಿನಕ್ಕೆ ಕಾಯುವುದಿಲ್ಲ ಎನ್ನುತ್ತಾರೆ ಅಗಸ್ಟೀನ್. ಕ್ರಮ ತಪ್ಪಿದ ಮನಸ್ಸು ತನಗೆ ತಾನೇ ಶಿಕ್ಷೆ. ಹದಿನಾರರಲ್ಲಿ ತಪ್ಪಿನ ರುಚಿ ಕಂಡ ಮನಸ್ಸು ಇಪ್ಪತ್ತರಲ್ಲಿ ಅದಕ್ಕೆ ಒಗ್ಗಿತು, ಮೂವತ್ತರಲ್ಲಿ ಬಿಡಬೇಕೆಂದರೂ ಬಿಡಲಾಗದ ಸಂಕಲೆಯಾಯಿತು. ಒಳ್ಳೆಯವನಾಗಬೇಕೆಂದು ಪ್ರಾರ್ಥಿಸುತ್ತಲೇ, ಅದು ಅಷ್ಟು ಬೇಗ ಆಗದಿರಲಿ ಎಂದು ಒಳಗೊಳಗೇ ಆಸೆಪಡುತ್ತಿದ್ದುದನ್ನು ಅವರು ಮುಚ್ಚಿಡುವುದಿಲ್ಲ. ಆ ಸಂಕಲೆ ಕಳಚಿದ್ದು 386ರಲ್ಲಿ, ಮಿಲಾನಿನ ತೋಟವೊಂದರಲ್ಲಿ. ಮರುವರ್ಷ ಬಿಷಪ್ ಆಂಬ್ರೋಸರಿಂದ ದೀಕ್ಷಾಸ್ನಾನವಾಯಿತು. ಆಗ ಅವರಿಗೆ ಮೂವತ್ತೆರಡು. ಚಿಕ್ಕಂದಿನಲ್ಲಿ ‘ಆಮೇಲೆ ನೋಡೋಣ’ ಎಂದು ಮುಂದೂಡಿದ್ದು ಅಷ್ಟು ವರ್ಷ ತೆಗೆದುಕೊಂಡಿತ್ತು. ಮಗನಿಗಾಗಿ ಕಣ್ಣೀರಿಟ್ಟ ತಾಯಿ ಅದನ್ನು ಕಣ್ಣಾರೆ ಕಂಡು ಅದೇ ವರ್ಷ ತೀರಿಕೊಂಡರು.

ಮುಂದೆ ಹಿಪ್ಪೊ ನಗರದ ಬಿಷಪ್ ಆಗಿ ಪ್ರವಚನ ಮಾಡುವಾಗ ಅಗಸ್ಟೀನ್ ಎರಡು ಅಪಾಯಗಳನ್ನು ಹೇಳುತ್ತಿದ್ದರು. ದೇವರು ದಯಾಳು, ಹೇಗೂ ಕ್ಷಮಿಸುತ್ತಾನೆ ಎಂದು ತಪ್ಪು ಮಾಡುತ್ತ ಹೋಗುವುದು ಒಂದು. ನನ್ನ ತಪ್ಪಿಗೆ ಇನ್ನು ಕ್ಷಮೆಯೇ ಇಲ್ಲ, ಇಷ್ಟಾದ ಮೇಲೆ ಎಷ್ಟಾದರೇನು ಎಂದು ಕೈಚೆಲ್ಲುವುದು ಇನ್ನೊಂದು. ಮೊದಲನೆಯವನಿಗೆ ಅವರ ಎಚ್ಚರಿಕೆ, ಕ್ಷಮೆಯ ಭರವಸೆ ಇದೆ, ಆದರೆ ನಾಳೆ ಎಂಬ ದಿನದ ಭರವಸೆ ಯಾರೂ ಕೊಟ್ಟಿಲ್ಲ ಎಂಬುದು. ಎರಡನೆಯವನಿಗೆ, ಕ್ಷಮೆಯೆಂಬ ಬಂದರು ಇನ್ನೂ ತೆರೆದಿದೆ ಎಂಬ ಧೈರ್ಯ.

ಮನೆಗಳಲ್ಲಿ ಈ ಎರಡೂ ಅಪಾಯಗಳು ಕಾಣಸಿಗುತ್ತವೆ. ಕಾಪಿ ಹೊಡೆದು ಸಿಕ್ಕಿಬಿದ್ದ ಮಗನನ್ನು, ಎಲ್ಲರೂ ಮಾಡುತ್ತಾರೆ ಬಿಡಿ ಎಂದು ವಹಿಸಿಕೊಂಡು ಬರುವ ತಂದೆ ಮೊದಲನೆಯದನ್ನು ಕಲಿಸುತ್ತಾನೆ. ನೀನು ಹುಟ್ಟಾ ಕಳ್ಳ, ನಮ್ಮ ಮಾನ ಕಳೆದೆ ಎಂದು ತಿಂಗಳುಗಟ್ಟಲೆ ಜರೆಯುವ ತಂದೆ ಎರಡನೆಯದನ್ನು ಕಲಿಸುತ್ತಾನೆ. ತಪ್ಪನ್ನು ತಪ್ಪೆಂದು ಹೆಸರಿಟ್ಟು ಕರೆಯುವುದು, ಒಪ್ಪಿಕೊಂಡು ಬಂದವನಿಗೆ ಬಾಗಿಲು ತೆರೆಯುವುದು, ಇವೆರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. ಸಿಪ್ರಿಯನ್ ಮಾಡಲು ಹೊರಟದ್ದು ಇದನ್ನೇ.

430ರ ಆಗಸ್ಟ್. ವಾಂಡಲರ ಸೇನೆ ಹಿಪ್ಪೊ ನಗರಕ್ಕೆ ಮುತ್ತಿಗೆ ಹಾಕಿ ಮೂರನೇ ತಿಂಗಳು. ಎಪ್ಪತ್ತೈದರ ಅಗಸ್ಟೀನ್ ಜ್ವರದಿಂದ ಮಲಗಿದ್ದರು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಹಚ್ಚಿಸಿಕೊಂಡರು. ಊಟ ಔಷಧಿಯ ಹೊತ್ತು ಬಿಟ್ಟು ಯಾರೂ ಒಳಗೆ ಬರಬಾರದೆಂದರು. ಸುಮಾರು ಹತ್ತು ದಿನ ಆ ಸಾಲುಗಳನ್ನು ಓದುತ್ತ ಅಳುತ್ತ ಮಲಗಿದ್ದರೆಂದು ಅವರ ಶಿಷ್ಯ ಪೊಸ್ಸಿಡಿಯಸ್ ಬರೆದಿದ್ದಾನೆ. ಆಗಸ್ಟ್ 28ರಂದು ಪ್ರಾಣ ಹೋಯಿತು.

ಅಷ್ಟು ಪುಸ್ತಕ ಬರೆದವರು, ಅಷ್ಟು ಜನರಿಗೆ ದಾರಿ ತೋರಿದವರು ಕೊನೆಗೂ ಇತರರ ತಪ್ಪಿನ ಪಟ್ಟಿ ಹಿಡಿಯಲಿಲ್ಲ, ತಮ್ಮ ಲೆಕ್ಕವನ್ನೇ ನೋಡಿಕೊಳ್ಳುತ್ತಿದ್ದರು. ಹೊಟ್ಟೆ ತುಂಬಿದ್ದಾಗ ಕದ್ದ ಹಣ್ಣು ಯಾರ ಬಾಲ್ಯದಲ್ಲಿ ಇಲ್ಲ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಮೊದಲು ತನ್ನದೊಂದನ್ನು ಹೇಳಿದರೆ, ಮಗನ ಬಾಯಿಂದಲೂ ಒಂದು ಹೊರಬಂದೀತು.